ಪರಿಶೀಲನೆಯಿಂದ ನುಣುಚಿಕೊಳ್ಳುವುದು ಜಾಣತನವೇ?

ಇಂಗ್ಲೆಂಡಿನಲ್ಲಿ ಮನೆಯನ್ನು ವಿಸ್ತರಿಸುವವರು ನಿರ್ಮಾಣ ನಿಯಮಗಳ ಅನುಮತಿ ಪಡೆಯಲು ಸ್ಥಳೀಯ ಸಂಸ್ಥೆಯಲ್ಲಿ ಎರಡು ದಾರಿಗಳಿವೆ. ಪೂರ್ಣ ನಕ್ಷೆ ಸಲ್ಲಿಸಿದರೆ 5 ವಾರಗಳೊಳಗೆ, ಪರಸ್ಪರ ಒಪ್ಪಿದರೆ ಇನ್ನಷ್ಟು ಕಾಲದಲ್ಲಿ, ತೀರ್ಮಾನ ದೊರೆಯುತ್ತದೆ. ಬರೇ ಸೂಚನಾಪತ್ರ ಕೊಟ್ಟರೆ 2 ದಿನಗಳ ಬಳಿಕ ಕೆಲಸ ಆರಂಭಿಸಬಹುದು. ಆದರೆ ನಕ್ಷೆಗೆ ಮುಂಚಿತವಾಗಿ ಒಪ್ಪಿಗೆ ಸಿಗುವುದಿಲ್ಲ; ತಪ್ಪಿದ್ದರೆ ಕಟ್ಟಿದ್ದನ್ನು ಕೆಡವಬೇಕಾದೀತು. ನೋಂದಾಯಿತ ಖಾಸಗಿ ಪರಿಶೀಲಕರನ್ನು ನೇಮಿಸಲೂ ಅವಕಾಶವಿದೆ.

ಇವೆಲ್ಲವೂ ಕಾನೂನುಬದ್ಧವೇ. ಪ್ರಶ್ನೆಯಿರುವುದು ಆರಿಸುವವನ ಉದ್ದೇಶದಲ್ಲಿ. ಸಣ್ಣ ಕೆಲಸಕ್ಕೆ ಸೂಚನಾಪತ್ರ ಸಾಕು. ಆದರೆ ಭಾರ ಹೊರುವ ಗೋಡೆಯನ್ನು ಒಡೆಯುವವನು, ಮೊದಲೇ ಯಾರೂ ನೋಡದಿರಲಿ ಎಂಬ ಕಾರಣಕ್ಕೆ ಆ ದಾರಿ ಹಿಡಿದರೆ? ಉಳಿತಾಯ ಅವನದು, ಅಪಾಯ ಮಾತ್ರ ಮಡದಿ ಮಕ್ಕಳದು, ನೆರೆಯವರದು, ನಾಳೆ ಆ ಮನೆ ಕೊಳ್ಳುವವನದು. ಗೋಡೆಯೊಳಗೆ ಏನಿದೆಯೆಂದು ಅವರಾರಿಗೂ ಕಾಣದು.

ಹಾಗಾದರೆ ಪ್ರಮಾಣಪತ್ರವೊಂದಿದ್ದರೆ ಹೊಣೆ ತೀರಿತೇ? 2017ರ ಜೂನ್ 14ರಂದು, ರಮಝಾನ್ ತಿಂಗಳ ರಾತ್ರಿ, ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಮಂದಿ ಪ್ರಾಣ ತೆತ್ತರು. ನವೀಕರಣದಲ್ಲಿ ಗೋಡೆಗಳಿಗೆ ಹಾಕಿದ ಹೊದಿಕೆಯ ಮೂಲಕ ಬೆಂಕಿ ಹಬ್ಬಿತು. ಆ ಕಾಮಗಾರಿಗೆ ಪೂರ್ಣತಾ ಪ್ರಮಾಣಪತ್ರ 2016ರಲ್ಲೇ ದೊರೆತಿತ್ತು!

ಪರಿಶೀಲಕನು ನಮ್ಮ ಕಣ್ಣಿಗೆ ಇನ್ನೊಂದು ಕಣ್ಣಾಗಬಲ್ಲನೇ ಹೊರತು ನಮ್ಮ ಹೊಣೆಯನ್ನು ಹೊರಲಾರನು. ಆದ್ದರಿಂದ ದಾರಿಯನ್ನು ಆರಿಸುವಾಗ ಯಾವುದು ಬೇಗ ಮುಗಿಯುತ್ತದೆಂದು ಮಾತ್ರ ಕೇಳಬೇಡಿ. ಯಾವುದರಲ್ಲಿ ನಮ್ಮ ತಪ್ಪು ಬೇಗ ಬಯಲಾಗುತ್ತದೆಂದು ಕೇಳಿರಿ. ನೆರೆಯವನ ಪ್ರಾಣವೂ ನಮ್ಮ ಬಳಿಯಿರುವ ಅಮಾನತ್ತೇ. ಅದರ ಲೆಕ್ಕ ಕೇಳುವಂದು, ಅಲ್ಲಾಹನ ಮುಂದೆ ಕಾಗದವೊಂದನ್ನು ತೋರಿಸಿದರೆ ಸಾಕಾದೀತೇ?