ದೀನತೆಯೂ ಹೀನತೆಯೂ

ತಾನು ಇತರರಿಗಿಂತ ಕಡಿಮೆಯವನೆಂಬ ನಂಬಿಕೆಯು ಮಗುವಿನ ಹೃದಯದಲ್ಲಿ ಎಲ್ಲಿಂದ ಬರುತ್ತದೆ? ಅದು ದೇವರು ಬಿತ್ತಿದ ಬೀಜವೋ, ಮನುಷ್ಯರು ಬಿತ್ತಿದ ಹಣಜಿಯೋ?

ಇದನ್ನು ಕುರಿತು ಒಂದು ಸಂಗತಿಯನ್ನು ಕೇಳಿರಿ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ವಿದ್ವಾಂಸರು ಉತ್ತರ ಪ್ರದೇಶದ ಹಳ್ಳಿಯ 6ನೆಯ ಮತ್ತು 7ನೆಯ ತರಗತಿಯ ಹುಡುಗರನ್ನು ಕೂಡಿಸಿ, ಕಾಗದದ ಮೇಲೆ ಬರೆದ ಸುತ್ತುದಾರಿಗಳಿಂದ ಹೊರಬರುವ ಮಾರ್ಗವನ್ನು ಕಂಡುಹಿಡಿಯುವಂತೆ ಹೇಳಿದರು. ಅದರ ವೃತ್ತಾಂತವನ್ನು 2004ರಲ್ಲಿ ಪ್ರಕಟಿಸಿದರು. ಜಾತಿಯ ಮಾತನ್ನು ಯಾರೂ ಎತ್ತದಿದ್ದಾಗ ಮೇಲಿನವರೆನಿಸಿಕೊಂಡವರ ಮಕ್ಕಳೂ ಕೆಳಗಿನವರೆನಿಸಿಕೊಂಡವರ ಮಕ್ಕಳೂ ಸರಿಸಮವಾಗಿ ಬಿಡಿಸಿದರು. ಆದರೆ ಒಬ್ಬೊಬ್ಬನ ತಂದೆ, ಅಜ್ಜ, ಜಾತಿ ಇವುಗಳ ಹೆಸರನ್ನು ಎಲ್ಲರ ಮುಂದೆ ಹೇಳಿದಾಗ, ಕೆಳಗಿನವರೆನಿಸಿಕೊಂಡ ಹುಡುಗರು ಬಿಡಿಸಿದ್ದು ಬಹಳ ಕಡಿಮೆಯಾಯಿತು. ಬುದ್ಧಿಯು ಒಂದು ಗಳಿಗೆಯಲ್ಲಿ ಕುಂದುವದುಂಟೇ? ಕುಂದಿದ್ದು ಭರವಸವೇ.

“ತಗ್ಗಿ ನಡೆಯುವದು ಕ್ರೈಸ್ತನಿಗೆ ಭೂಷಣವಲ್ಲವೋ?” ಎಂದು ಕೆಲವರು ಕೇಳಬಹುದು. ಹೌದು, ಆದರೆ ದೀನತೆ ಬೇರೆ, ಹೀನತೆ ಬೇರೆ. ದೀನನು ದೇವರ ಮುಂದೆ ತಾನಾಗಿ ಬಾಗುತ್ತಾನೆ. ಹೀನನೆನಿಸಿಕೊಂಡವನನ್ನು ಮನುಷ್ಯರು ಬಾಗಿಸುತ್ತಾರೆ. ನಮ್ಮ ಕರ್ತನು ತಾನು ಎಲ್ಲಿಂದ ಬಂದವನೆಂದು ಅರಿತವನಾಗಿಯೇ ಶಿಷ್ಯರ ಕಾಲುಗಳನ್ನು ತೊಳೆದನು. ತನ್ನ ಬೆಲೆಯನ್ನು ಅರಿಯದ ಮಗುವಿಗೆ ಅಂಜಿಕೆಯುಂಟು, ಸೇವೆಯ ಸಂತೋಷವಿಲ್ಲ.

ಮೇಲೆ ಕೂತ ಮಗುವಿಗೂ ನಷ್ಟವುಂಟು. ಮಾನವು ಹುಟ್ಟಿನಿಂದ ಬರುತ್ತದೆಂದು ಕಲಿತವನು, ಯೋಗ್ಯತೆಯನ್ನು ನೋಡದೆ ಕೊಡಲ್ಪಡುವ ಕೃಪೆಯನ್ನು ಹೇಗೆ ಗ್ರಹಿಸುವನು?

ನಾನೂ ಈ ತಪ್ಪಿಗೆ ಹೊರಗಲ್ಲ. ಆದಿತ್ಯವಾರ ಶಾಲೆಯಲ್ಲಿ ವಚನ ಓದುವದಕ್ಕೆ ಹೊಲಗದ್ದೆಯುಳ್ಳವರ ಮಗನನ್ನೂ ಚಾಪೆ ಹಾಸುವದಕ್ಕೆ ಕೂಲಿಯವರ ಮಗನನ್ನೂ ಬಹುಕಾಲ ಕರೆಯುತ್ತಿದ್ದೆನು. ಒಂದು ದಿನ ಆ ಎರಡನೆಯವನ ಕೈಗೆ ಪುಸ್ತಕ ಕೊಟ್ಟಾಗ, “ಅಯ್ಯನವರೇ, ಅದು ನನ್ನ ಕೆಲಸವಲ್ಲ” ಎಂದನು. ಆ ಪಾಠವನ್ನು ಅವನಿಗೆ ಕಲಿಸಿದವನು ನಾನೇ.

ಸಭೆಯಲ್ಲಿ ಐಶ್ವರ್ಯವಂತನಿಗೆ ಒಳ್ಳೇ ಸ್ಥಳವನ್ನೂ ಬಡವನಿಗೆ ಕಾಲಬಳಿಯನ್ನೂ ತೋರಿಸುವವರನ್ನು ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯವು ಖಂಡಿಸುತ್ತದೆ. ದೇಶದ ಸಂವಿಧಾನವೂ 1950ರಿಂದ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಆದರೆ ಮಕ್ಕಳು ಓದುವದು ನಮ್ಮ ನಡತೆಯನ್ನೇ: ಯಾರ ಮನೆಯಲ್ಲಿ ಊಟಕ್ಕೆ ಕೂಡ್ರುತ್ತೇವೆ, ಯಾರನ್ನು ಏಕವಚನದಲ್ಲಿ ಕರೆಯುತ್ತೇವೆ ಎಂಬದನ್ನು ಅವರು ಚೆನ್ನಾಗಿ ಬಲ್ಲರು.

ಆದದರಿಂದ ಬರುವ ಆದಿತ್ಯವಾರದಿಂದ ಪುಸ್ತಕವನ್ನೂ ಚಾಪೆಯನ್ನೂ ಸರದಿಯ ಮೇಲೆ ಎಲ್ಲಾ ಮಕ್ಕಳ ಕೈಗೆ ಕೊಡೋಣ. ಕರ್ತನು ಇದಕ್ಕೆ ನಮಗೆ ಬಲವನ್ನು ಅನುಗ್ರಹಿಸಲಿ.