ಐದು ತಲಾಂತು, ಒಂದು ತಾಸಿನ ಕೂಲಿ

ದೀಪಾವಳಿಗೆ ಅಹಮದಾಬಾದಿನ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಚೋಪಡಾ ಪೂಜನ್ ಎಂದು ಅದರ ಹೆಸರು. ಕೆಂಪು ರಟ್ಟಿನ ಪುಸ್ತಕದ ಪಕ್ಕದಲ್ಲಿ ಈಚೆಗೆ ಲ್ಯಾಪ್‌ಟಾಪೂ ಬಂದು ಕೂತು ಹೂವು, ಅಕ್ಷತೆ ಹಾಕಿಸಿಕೊಳ್ಳುತ್ತದೆ. ಈ ಊರಿನಲ್ಲಿ ಲೆಕ್ಕ ಬರೆಯುವುದೂ ಒಂದು ಬಗೆಯ ಭಕ್ತಿಯೇ. ಇಸ್ರೋ ಕ್ಯಾಂಪಸ್ಸಿಗೋ ಎಸ್.ಜಿ. ಹೈವೇಯ ಕಂಪನಿಗಳಿಗೋ ಬಂದು ಬೋಪಾಲಿನಲ್ಲಿ ಮನೆ ಮಾಡಿದ ನಮ್ಮಂಥ ಕನ್ನಡದವರಿಗೂ ಅದರ ಗಾಳಿ ತಗಲದೆ ಇಲ್ಲ. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಕೂತು, ಎಷ್ಟು ಹೊತ್ತು ಹಾಳಾಯಿತು ಎಂದು ಗಡಿಯಾರ ನೋಡಿಕೊಳ್ಳುತ್ತೇವೆ. ಇಂಥ ಕಡೆ ಕೂತು, ಕ್ರೈಸ್ತಧರ್ಮ ಸಮಯದ ಬಗ್ಗೆ ಏನು ಹೇಳುತ್ತದೆ ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ: ಕಾಲವೂ ಒಂದು ಬಂಡವಾಳ, ಕೊಟ್ಟ ದೇವರು ಒಂದು ದಿನ ಲೆಕ್ಕ ಕೇಳುತ್ತಾನೆ.

ಈ ಉತ್ತರಕ್ಕೆ ಆಧಾರವಿದೆ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ಹೇಳಿದ ತಲಾಂತುಗಳ ಸಾಮ್ಯ ಬರುತ್ತದೆ. ದೂರದೇಶಕ್ಕೆ ಹೊರಟ ಯಜಮಾನ ಮೂವರು ಆಳುಗಳನ್ನು ಕರೆದು ಒಬ್ಬನಿಗೆ ಐದು ತಲಾಂತು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ವಹಿಸಿ ಹೋಗುತ್ತಾನೆ. ಒಂದು ತಲಾಂತು ಎಂದರೆ ಚಿಲ್ಲರೆ ಕಾಸಲ್ಲ. ಆ ಕಾಲದ ಕೂಲಿಯಾಳು ಸುಮಾರು 6,000 ದಿನ, ಅಂದರೆ ಹತ್ತಿರ ಹತ್ತಿರ 20 ವರ್ಷ ದುಡಿದರೆ ಸಿಗುವ ಮೊತ್ತ. ಮೊದಲಿಬ್ಬರು ಅದನ್ನು ವ್ಯಾಪಾರಕ್ಕೆ ಹಾಕಿ ಇಮ್ಮಡಿ ಮಾಡುತ್ತಾರೆ. ಮೂರನೆಯವನು ನೆಲ ಅಗೆದು ಹೂತಿಡುತ್ತಾನೆ. ಯಜಮಾನ ವಾಪಸು ಬಂದಾಗ ಬೈಸಿಕೊಳ್ಳುವವನು ಅವನೇ. ಅವನು ದುಂದುಗಾರನಲ್ಲ, ಕುಡುಕನೂ ಅಲ್ಲ. ಒಂದು ಕಾಸನ್ನೂ ಕಳೆದವನಲ್ಲ. ಹೆದರಿದ, ಅಷ್ಟೇ. ಕಥೆಯ ಪ್ರಕಾರ, ಆಯುಷ್ಯ ವ್ಯರ್ಥವಾಗುವುದು ಮೋಜಿನಿಂದ ಮಾತ್ರವಲ್ಲ, ಅತಿಯಾದ ಜೋಪಾನದಿಂದಲೂ ಆಗುತ್ತದೆ.

ಇದರ ಹಿಂದಿರುವ ತತ್ತ್ವವನ್ನು ಪಾರುಪತ್ಯ ಎನ್ನಬಹುದು. ಪಾರುಪತ್ಯಗಾರನಿಗೆ ಆಸ್ತಿಯ ಮೇಲೆ ಅಧಿಕಾರವಿದೆ, ಒಡೆತನವಿಲ್ಲ. ನನ್ನ ಸಮಯ, ನನ್ನಿಷ್ಟ ಎಂದು ನಾವು ಆಡುವ ಮಾತು ಈ ದೃಷ್ಟಿಯಲ್ಲಿ ನಿಲ್ಲುವುದಿಲ್ಲ. ಅದರ ಮೇಲೆ ಕಾಲದ ಕುರಿತ ಇನ್ನೊಂದು ನಂಬಿಕೆಯೂ ಸೇರಿಕೊಂಡಿದೆ. ಕ್ರೈಸ್ತರಿಗೆ ಕಾಲ ಚಕ್ರವಲ್ಲ. ಲೋಕಕ್ಕೊಂದು ಆರಂಭ, ಒಂದು ಅಂತ್ಯ. ಮನುಷ್ಯನಿಗೆ ಒಂದೇ ಜನ್ಮ. 354ರಿಂದ 430ರವರೆಗೆ ಬದುಕಿದ್ದ ಸಂತ ಆಗಸ್ಟಿನ್, ಎಲ್ಲವೂ ಮತ್ತೆ ಮತ್ತೆ ಸುತ್ತಿ ಬರುತ್ತದೆ ಎಂಬ ಗ್ರೀಕರ ವಾದವನ್ನು ‘ದೇವನಗರಿ’ ಕುರಿತ ತನ್ನ ಗ್ರಂಥದಲ್ಲಿ ಹಟ ಹಿಡಿದು ಖಂಡಿಸಿದ. ಆತನ ಆತ್ಮನಿವೇದನೆಯ 11ನೇ ಭಾಗವಂತೂ ಕಾಲಜಿಜ್ಞಾಸೆಗೇ ಮೀಸಲು. ಕಳೆದದ್ದು ಈಗ ಇಲ್ಲ, ಬರಬೇಕಾದದ್ದು ಇನ್ನೂ ಇಲ್ಲ, ಈ ಕ್ಷಣಕ್ಕೆ ಉದ್ದವೇ ಇಲ್ಲ. ಹಾಗಾದರೆ ನಾವು ಅಳೆಯುತ್ತಿರುವುದು ಏನನ್ನು? ಮನಸ್ಸನ್ನು ಎನ್ನುತ್ತಾನೆ ಆಗಸ್ಟಿನ್. ನೆನಪು, ಗಮನ, ನಿರೀಕ್ಷೆ ಎಂಬ ಮೂರು ಕಡೆಗೆ ಹಿಗ್ಗಿ ಹರಡಿಕೊಂಡ ಮನಸ್ಸೇ ನಮಗೆ ಕಾಲವಾಗಿ ತೋರುತ್ತದೆ. ಅವನ ಸಂಕಟ ಹೊತ್ತು ಸಾಲದು ಎಂಬುದಲ್ಲ, ತಾನು ಚೂರುಚೂರಾಗಿ ಚದುರಿಹೋಗಿದ್ದೇನೆ ಎಂಬುದು. ಕೈಯಲ್ಲಿ ಮೊಬೈಲು ಹಿಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲೊಂದು ತೊಡಕಿದೆ. ನಿತ್ಯಜೀವವಿದೆ ಎಂದು ನಂಬಿದವನಿಗೆ ಅವಸರ ಯಾಕೆ? ಮುಗಿಯದ ಬದುಕು ಮುಂದಿರುವಾಗ ಈ 70–80 ವರ್ಷದ್ದು ಯಾವ ಮಹಾ ಮಾತು? ನನಗೆ ಒಪ್ಪಿಗೆಯಾಗುವ ಸಮಾಧಾನ ಇದು: ಮುಗಿದುಹೋಗುವುದು ಅಸ್ತಿತ್ವವಲ್ಲ, ಅವಕಾಶ. ಹಸಿದವನಿಗೆ ಊಟ ಹಾಕುವುದು, ಜಗಳವಾಡಿದ ತಮ್ಮನ ಜೊತೆ ರಾಜಿಯಾಗುವುದು, ಹಾಸಿಗೆ ಹಿಡಿದ ತಾಯಿಯ ಪಕ್ಕ ಕೂರುವುದು, ಇವಕ್ಕೆಲ್ಲ ಈ ಲೋಕದಲ್ಲೇ ಜಾಗ. ಹಸಿವೇ ಇಲ್ಲದ ಕಡೆ ಅನ್ನದಾನ ಮಾಡಲು ಬರುವುದಿಲ್ಲ.

ಆದರೆ ತಲಾಂತಿನ ಕಥೆಯೊಂದನ್ನೇ ಹಿಡಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸವೇ ಸಾಕ್ಷಿ. ಸಮಯವೇ ಹಣ ಎಂದು 1748ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಎಳೆಯ ವ್ಯಾಪಾರಿಗೊಬ್ಬನಿಗೆ ಬುದ್ಧಿ ಹೇಳಿದ. ಕಾಲಹರಣವನ್ನು ಘೋರ ಪಾಪವೆಂದು ಎಣಿಸಿದ ಪ್ಯೂರಿಟನ್ ಕ್ರೈಸ್ತರ ಶಿಸ್ತಿಗೂ ಬಂಡವಾಳಶಾಹಿಯ ಮನೋಧರ್ಮಕ್ಕೂ ಇರುವ ನಂಟನ್ನು ಮ್ಯಾಕ್ಸ್ ವೆಬರ್ 1904–05ರಲ್ಲಿ ಬಿಡಿಸಿ ತೋರಿಸಿದ. ದೇವರು ಹಿಂದೆ ಸರಿದ, ಗಡಿಯಾರ ಉಳಿಯಿತು. ಇಂದು ನಾಲ್ಕು ತಾಸು ನಿದ್ದೆ ಮಾಡಿ ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುವವರು ಆ ಪ್ಯೂರಿಟನ್ನರ ವಂಶದವರೇ, ಪ್ರಾರ್ಥನೆ ಒಂದನ್ನು ಬಿಟ್ಟು.

ಅದೇ ಮತ್ತಾಯ, ಐದು ಅಧ್ಯಾಯ ಹಿಂದೆ, ಇನ್ನೊಂದು ಕಥೆಯನ್ನು ಇಟ್ಟಿದ್ದಾನೆ. ದ್ರಾಕ್ಷಿತೋಟದ ಯಜಮಾನ ಬೆಳಗ್ಗೆ ಪೇಟೆಗೆ ಹೋಗಿ ಒಂದು ದಿನದ ಕೂಲಿ ಮಾತಾಡಿ ಆಳು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಹೋಗಿ ಇನ್ನಷ್ಟು ಮಂದಿಯನ್ನು ತರುತ್ತಾನೆ. ಸಂಜೆ ಐದಕ್ಕೆ ಹೋದಾಗಲೂ ಕೆಲವರು ನಿಂತೇ ಇರುತ್ತಾರೆ. ಕೂಲಿ ಹಂಚುವಾಗ ಒಂದು ತಾಸು ದುಡಿದವನಿಗೂ ಹಗಲೆಲ್ಲ ಬಿಸಿಲಲ್ಲಿ ಬೆಂದವನಿಗೂ ಒಂದೇ ಮೊತ್ತ. ಬೆಳಗಿನವರು ಗೊಣಗುತ್ತಾರೆ, ಗೊಣಗದೆ ಇನ್ನೇನು ಮಾಡುತ್ತಾರೆ? ಯಾವ ಆಡಿಟರೂ ಒಪ್ಪದ ಲೆಕ್ಕ ಇದು. ಮೊದಲ ಕಥೆ ಲೆಕ್ಕ ಕೊಡು ಎನ್ನುತ್ತದೆ, ಇದು ಲೆಕ್ಕದ ಪುಸ್ತಕವನ್ನೇ ಪಕ್ಕಕ್ಕೆ ಸರಿಸುತ್ತದೆ. ಕ್ರೈಸ್ತ ಕಾಲವಿವೇಕ ಇರುವುದು ಈ ಎರಡರ ಎಳೆದಾಟದಲ್ಲಿ ಎಂದು ನನ್ನ ತಿಳಿವಳಿಕೆ. ಎರಡನೆಯದನ್ನು ಬಿಟ್ಟವನು ಗಾಣದೆತ್ತಾಗುತ್ತಾನೆ, ಮೊದಲನೆಯದನ್ನು ಬಿಟ್ಟವನು ದೇವರ ಹೆಸರಲ್ಲಿ ಸೋಮಾರಿಯಾಗುತ್ತಾನೆ.

ಈ ದ್ರಾಕ್ಷಿತೋಟದ ಕಥೆಗೂ ಗುಜರಾತಿಗೂ ಹಳೆಯ ಸಂಬಂಧವಿದೆ. ಜಾನ್ ರಸ್ಕಿನ್ ತನ್ನ ಅರ್ಥಶಾಸ್ತ್ರದ ಪ್ರಬಂಧಗಳಿಗೆ ‘ಅನ್‌ಟು ದಿಸ್ ಲಾಸ್ಟ್’ ಎಂಬ ಹೆಸರನ್ನು ಎತ್ತಿಕೊಂಡದ್ದು ಅಲ್ಲಿಂದಲೇ. 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್ನಿಗೆ ಹೊರಟ ರೈಲಿನಲ್ಲಿ ಅದನ್ನು ಓದಿದ ಗಾಂಧೀಜಿ ನಿದ್ದೆಗೆಟ್ಟರು. 1908ರಲ್ಲಿ ಗುಜರಾತಿಯಲ್ಲಿ ಅದರ ಸಾರ ಬರೆದು ‘ಸರ್ವೋದಯ’ ಎಂದು ಕರೆದರು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂಬ ಪಾಠ ಅವರಿಗೆ ಅಲ್ಲಿ ಸಿಕ್ಕಿತು. ಹಾಗೆಂದು ಕಾಲದ ವಿಷಯದಲ್ಲಿ ಅವರು ಸಡಿಲ ಬಿಟ್ಟವರಲ್ಲ. ಸೊಂಟದಲ್ಲಿ ಗಡಿಯಾರ, ಸಾಬರಮತಿ ಆಶ್ರಮದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ಕ್ರೈಸ್ತರಲ್ಲದ ಗಾಂಧೀಜಿ ಆ ಎರಡೂ ಕಥೆಗಳನ್ನು ಒಟ್ಟಿಗೆ ಬಾಳಿದರು ಎಂದು ನನಗೆ ಅನ್ನಿಸುತ್ತದೆ.

ಇದೇ ಊರಿನಲ್ಲಿ ಬಾಳಿದ ಕ್ರೈಸ್ತರೊಬ್ಬರ ಮಾತು ಹೇಳದೆ ಮುಂದೆ ಹೋಗಲಾರೆ. ಸ್ಪೇನಿನಲ್ಲಿ 1925ರಲ್ಲಿ ಹುಟ್ಟಿದ ಯೇಸುಸಭೆಯ ಪಾದ್ರಿ ಕಾರ್ಲೋಸ್ ವಾಲೆಸ್ 1960ರಲ್ಲಿ ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಗಣಿತದ ಮೇಷ್ಟರಾಗಿ ಬಂದರು. ಗುಜರಾತಿ ಕಲಿಯುವುದಕ್ಕೆಂದೇ ಹಾಸ್ಟೆಲಿನ ಹುಡುಗರ ಜೊತೆ ಇದ್ದು ಭಾಷೆಯನ್ನು ಕರಗತ ಮಾಡಿಕೊಂಡವರು. ಆ ಭಾಷೆಯಲ್ಲೇ ಪುಸ್ತಕಗಳನ್ನು ಬರೆದು ಗುಜರಾತಿ ಮನೆಗಳಲ್ಲಿ ಅವರು ಫಾದರ್ ವಾಲೆಸ್ ಎಂದೇ ಹೆಸರಾದರು. 1978ರಲ್ಲಿ ಗುಜರಾತಿ ಸಾಹಿತ್ಯದ ರಣಜಿತರಾಮ್ ಸುವರ್ಣಚಂದ್ರಕವೂ ಬಂತು. ಕೀರ್ತಿ ಏರುತ್ತಿದ್ದ 1970ರ ದಶಕದಲ್ಲೇ ಅವರು ಕಾಲೇಜಿನ ವಸತಿ ಬಿಟ್ಟು ಹಳೇ ಊರಿನ ಪೋಳ್ ಎಂಬ ಕೇರಿಗಳಿಗೆ ನಡೆದರು. ಇಕ್ಕಟ್ಟು ಓಣಿಯ ಒಂದು ಮನೆಯ ಬಾಗಿಲಲ್ಲಿ ನಿಂತು, ನಿಮ್ಮ ಮನೆಯಲ್ಲಿ ಕೆಲವು ದಿನ ಇರಲೇ ಎಂದು ಕೇಳುವುದು. ಮೂಲೆಯಲ್ಲಿ ನೆಲದ ಮೇಲೆ ಮಲಗುವುದು, ಮನೆಯವರು ಉಣ್ಣುವ ಸಸ್ಯಾಹಾರವನ್ನೇ ಉಣ್ಣುವುದು, ಸೈಕಲ್ ತುಳಿದು ಕಾಲೇಜಿಗೆ ಹೋಗಿ ಪಾಠ ಮಾಡಿ ಬರುವುದು, ಆಮೇಲೆ ಇನ್ನೊಂದು ಮನೆ. ಹೀಗೆ ಹತ್ತು ವರ್ಷ.

ಸ್ವಂತ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರೆ ಇನ್ನಷ್ಟು ಪುಸ್ತಕ ಬರೆಯಬಹುದಿತ್ತಲ್ಲ ಎಂದು ತಲಾಂತಿನ ಲೆಕ್ಕದವರು ಕೇಳಿಯಾರು. ಬರೆಯಬಹುದಿತ್ತೇನೋ. ಆದರೆ ಯಾರೂ ಮಾತಾಡಿಸಬಾರದು, ಯಾರೂ ಅಡ್ಡ ಬರಬಾರದು ಎಂದು ಕಾಪಾಡಿಕೊಂಡ ಹೊತ್ತು ಮೂರನೆಯ ಆಳು ಹೂತಿಟ್ಟ ದುಡ್ಡಿನಂಥದ್ದೇ. ಯಾಯೀರನೆಂಬವನ ಮಗಳು ಸಾಯುತ್ತಿದ್ದಾಳೆಂದು ಅವಸರದಲ್ಲಿ ಹೊರಟ ಯೇಸು ದಾರಿಯಲ್ಲಿ ತನ್ನ ಬಟ್ಟೆ ಮುಟ್ಟಿದ ಹೆಂಗಸಿಗಾಗಿ ನಿಂತುಬಿಡುತ್ತಾನೆ. ಸುವಾರ್ತೆಗಳಲ್ಲಿ ಎಷ್ಟೋ ಮುಖ್ಯ ಸಂಗತಿಗಳು ನಡೆಯುವುದು ಹೀಗೆ ಅಡ್ಡಿ ಬಂದಾಗಲೇ.

ಕಾಲವನ್ನು ಬಳಸುವುದರಲ್ಲಿ ಕನ್ನಡ ನಿಘಂಟಿನ ಕಿಟ್ಟೆಲರದು ಬೇರೆಯದೇ ಬಗೆ. 1853ರಲ್ಲಿ, 21ರ ವಯಸ್ಸಿಗೆ, ಬಾಸೆಲ್ ಮಿಷನ್ನಿನಿಂದ ಕರ್ನಾಟಕಕ್ಕೆ ಬಂದವರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಸುಮಾರು 70,000 ಪದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಧರ್ಮಪ್ರಚಾರಕ್ಕೆ ಬಂದವರು ಹಳಗನ್ನಡದ ಪದ ಹೆಕ್ಕುತ್ತ ಕೂತರೆ ಮಿಷನ್ನಿನ ವರದಿಯಲ್ಲಿ ಅದನ್ನು ಯಾವ ಕಲಮಿಗೆ ಬರೆಯುವುದು? ವಾಲೆಸರದು ಬಾಗಿಲು ತೆರೆದಿಟ್ಟ ಕಾಲ, ಕಿಟ್ಟೆಲರದು ಮೇಜಿಗೆ ಕಟ್ಟಿಹಾಕಿಕೊಂಡ ಕಾಲ. ಫಲವನ್ನು ಉಣ್ಣುವವರು ತಮ್ಮ ಮತದವರೇ ಆಗಬೇಕೆಂಬ ಷರತ್ತು ಇಬ್ಬರ ದುಡಿಮೆಯಲ್ಲೂ ಇರಲಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಸಮಯವನ್ನು ಸರಿಯಾಗಿ ಬಳಸು ಎಂಬ ಉಪದೇಶ, ಕೇಳುವವನ ಕೈಯಲ್ಲಿ ಅವನ ಸಮಯವಿದೆ ಎಂದುಕೊಂಡೇ ಹೊರಡುತ್ತದೆ. ಅಹಮದಾಬಾದಿನಲ್ಲಿ ಕಡಿಯಾನಾಕಾ ಎಂಬ ಕೂಲಿಕಟ್ಟೆಗಳಿವೆ. ದಾಹೋದ್, ಪಂಚಮಹಲ್ ಕಡೆಯಿಂದ ಬಂದ ಗಂಡಸರು, ಹೆಂಗಸರು ಬೆಳಗ್ಗೆ ಬುತ್ತಿ, ಕರಣೆ, ಬಾಂಡ್ಲಿ ಹಿಡಿದು ನಿಂತಿರುತ್ತಾರೆ. ಬೋಪಾಲಿನ ಗೋಪುರಗಳು ಎದ್ದದ್ದು ಇಂಥವರ ಕೈಯಿಂದಲೇ. ಹತ್ತು ಗಂಟೆ ದಾಟಿದರೂ ಯಾರೂ ಕರೆಯದಿದ್ದರೆ ಅವರ ದಿನ ಹೋದಂತೆ. ಸುವಾರ್ತೆಯ ಯಜಮಾನ ಸಂಜೆ ಐದಕ್ಕೆ, ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದಾಗ ಬಂದ ಉತ್ತರವೂ ಅದೇ: ಯಾರೂ ನಮ್ಮನ್ನು ಕರೆಯಲಿಲ್ಲ. ಅವನು ಅವರಿಗೆ ಬುದ್ಧಿ ಹೇಳುವುದಿಲ್ಲ, ಇಡೀ ದಿನದ ಕೂಲಿ ಕೊಡುತ್ತಾನೆ.

ಸಬ್ಬತ್ತಿನ ಕಟ್ಟಳೆಯನ್ನೂ ಹೀಗೆಯೇ ಓದಬೇಕು. ಏಳನೆಯ ದಿನ ಬಿಡುವು ಕೊಡು ಎಂದು ಬೈಬಲಿನ ಧರ್ಮೋಪದೇಶಕಾಂಡ ಹೇಳುವಾಗ ಆಳು, ದಾಸಿ, ಎತ್ತು, ಕತ್ತೆ, ಪರದೇಶಿ ಎಲ್ಲರ ಹೆಸರನ್ನೂ ಹಿಡಿದು ಹೇಳುತ್ತದೆ. ಕಾರಣ, ನೀನೂ ಒಂದು ಕಾಲಕ್ಕೆ ದಾಸನಾಗಿದ್ದೆ. ನನ್ನ ಸಮಯವನ್ನು ನಾನು ಹೇಗೆ ಕಳೆದೆ ಎಂಬುದರ ಜೊತೆಗೆ, ನನ್ನ ಅನುಕೂಲಕ್ಕಾಗಿ ಯಾರ ಸಮಯ ಖರ್ಚಾಯಿತು ಎಂಬುದೂ ಪಾರುಪತ್ಯದ ಒಳಗೇ ಬರುತ್ತದೆ. ಭಾನುವಾರ ಆರಾಧನೆಗೆ ಹೊರಟ ಕಾರಿಗೆ ಸೊಸೈಟಿಯ ಗೇಟು ತೆಗೆಯುವ ವಾಚ್‌ಮನ್ನನದು 12 ತಾಸಿನ ಪಾಳಿ. ಅವನಿಗೆ ವಾರದ ರಜೆ ಯಾವತ್ತು ಎಂದು ಸೊಸೈಟಿಯ ಮೀಟಿಂಗಿನಲ್ಲಿ ಕೇಳುವುದಕ್ಕೆ ಐದು ನಿಮಿಷ ಸಾಕು. ಅದಾದ ಮೇಲೆ ಮೇಂಟೆನೆನ್ಸ್ ಎಷ್ಟು ಏರಬಹುದು ಎಂಬ ಚರ್ಚೆ ಮಾತ್ರ ಒಂದು ತಾಸು ಹಿಡಿದೀತು.