ಗಿರ್ಲು ಮೀನಿನ ಲೆಕ್ಕ

ಗೋಪಾಲಸ್ವಾಮಿ ಬೆಟ್ಟದ ಕಡೆ ಹುಟ್ಟಿ ನಂಜನಗೂಡಿನಲ್ಲಿ ಕಬಿನಿ ಸೇರುವ ನಮ್ಮ ಗುಂಡ್ಲು ಹೊಳೆ ವರ್ಷದ ಬಹುಪಾಲು ಒಣಗೇ ಇರುತ್ತೆ. ನಾವು ಹುಡುಗರಾಗಿದ್ದಾಗ ಬೇಸಿಗೆಯಲ್ಲಿ ಅಲ್ಲಲ್ಲಿ ಗುಂಡಿಗಳಲ್ಲಾದರೂ ನೀರಿರೋದು. ಒಂದ್ಸಲ ಕಾರೆಕಾಯಿ ಜಜ್ಜಿ ಒಂದು ಗುಂಡಿಗೆ ಹಾಕಿದ್ವಿ. ಮೀನೆಲ್ಲ ಮತ್ತು ಬಂದಂಗೆ ತೇಲಿದವು. ದೊಡ್ಡವನ್ನ ಆರಿಸಿಕೊಂಡು, ಬೆರಳುದ್ದದ ಗಿರ್ಲುಗಳನ್ನ ಮುಳ್ಳು ಚುಚ್ಚುತ್ತೆ ಅಂತ ದಡಕ್ಕೆಸೆದು ಬಂದ್ವಿ.

ಅಜ್ಜಿ ಕೇಳಿದ್ದು ಒಂದೇ ಮಾತು: "ತಿನ್ನೂದ್ ಇಲ್ದ ಮ್ಯಾಲ ಯಾಕ್ಲಾ ಸಾಯ್ಸುದ್ರಿ?"

ಗಿರ್ಲು ಗೊತ್ತಲ್ಲ? ಹುರುಪೆಯಿಲ್ಲದ ನುಣುಪು ಮೈ, ಬಾಯಿ ಸುತ್ತ ನಾಲ್ಕು ಜೊತೆ ಮೀಸೆ. ಕೆಸರಿನ ಕತ್ತಲಲ್ಲಿ ಆ ಮೀಸೆಯಿಂದಲೇ ಊಟ ಹುಡುಕುತ್ತೆ. ಹಿಡಿದರೆ ಮುಳ್ಳುಗಳನ್ನ ನೆಟ್ಟಗೆ ಲಾಕ್ ಮಾಡ್ಕೊಳ್ಳುತ್ತೆ. ಇದೇ ಕುಲದ ಒಂದು ಮೀನನ್ನ ಪಕ್ಕದ ವಯನಾಡಿನಿಂದ ಜೆರ್ಡನ್ ಅನ್ನೋ ಬ್ರಿಟಿಷ್ ವೈದ್ಯ 1849ರಲ್ಲೇ ದಾಖಲಿಸಿದ. ಬಂಡೀಪುರದಲ್ಲಿ 1973ರಿಂದ ಹುಲಿ ಯೋಜನೆ ಇದೆ. ಈಗ ಕ್ಯಾಮೆರಾ ಇಟ್ಟು, ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸ್ತಾರೆ. ನಮ್ಮ ಗುಂಡಿಯ ಗಿರ್ಲನ್ನ ಯಾರೂ ಎಣಿಸಲಿಲ್ಲ.

ಇಂಥ ಜೀವಗಳ ಪರವಾಗಿ ನಾವು ಸಾಫ್ಟ್‌ವೇರ್‌ನವರು ಕೊಡೋ ವಾದ ಒಂದಿದೆ. ಯಾವುದೋ ಹಳೇ ಫೈಲ್ ಡಿಲೀಟ್ ಮಾಡ್ತೀವಿ, ಇನ್ನೆಲ್ಲೋ ಸಿಸ್ಟಂ ಬೀಳುತ್ತೆ; ಹಂಗೇ ಪ್ರಕೃತಿಯಲ್ಲೂ ಮುಟ್ಟಬೇಡಿ ಅಂತ. ಈ ವಾದ ನನಗೆ ಸಾಲದು. ಏನೂ ಬೀಳಲ್ಲ ಅಂತ ಖಾತ್ರಿಯಾದರೆ? ಆಗ ಕೊಲ್ಲಬಹುದಾ? ಅಜ್ಜಿ ಅದರ ಉಪಯೋಗ ಕೇಳಿರಲಿಲ್ಲ, ನನ್ನ ಕಾರಣ ಕೇಳಿದ್ದಳು.

ಈಗ ಆ ಗುಂಡಿಗಳೂ ಇಲ್ಲ. ಅಂತರ್ಜಲ ಇಳಿದಿದ್ದರಲ್ಲಿ ನಮ್ಮ ಬೋರ್‌ವೆಲ್ ಪಾಲೂ ಇದೆ. ಆ ನೀರಲ್ಲಿ ಬೆಳೆದ ಅರಿಶಿನದ ದುಡ್ಡಲ್ಲೇ ನಾನು ಬಿಇ ಓದಿದ್ದು. ಅಪ್ಪ ಬೋರ್ ಕೊರೆಸಿದ್ದು ತಪ್ಪು ಅಂತ ಹೇಳೋ ಯೋಗ್ಯತೆ ನನಗಿಲ್ಲ. ಹೊಟ್ಟೆಪಾಡು, ಫೀಸು, ಅವೆಲ್ಲ ಕಾರಣಗಳೇ. ಆದರೆ ಪಾಯಿಂಟ್ ನೋಡಿಸುವಾಗ ನೀರು ಎಷ್ಟು ಇಂಚು ಬರುತ್ತೆ ಅಂತ ಮಾತ್ರ ಕೇಳಿದ್ವಿ. ಹೊಳೆಯಲ್ಲಿ ಯಾರಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ.

ಕೇಳಿದ್ದರೂ ಬಹುಶಃ ಕೊರೆಸ್ತಿದ್ವಿ. ಆದರೆ ಎರಡು ಕೊರೆಸೋ ಕಡೆ ಒಂದೇ ಸಾಕು ಅನ್ನಿಸ್ತಿತ್ತೇನೋ. ಅಗತ್ಯಕ್ಕೂ ಅಸಡ್ಡೆಗೂ ಇರೋ ವ್ಯತ್ಯಾಸ ಅಷ್ಟೇ ಇರಬಹುದು. ಆದರೆ ಗಿರ್ಲಿಗೆ ಅಷ್ಟು ನೀರು ಸಾಕಾಗಿತ್ತು.